ಮುರಿದ ಬೆನ್ನಿನವರನ್ನು ಎಬ್ಬಿಸಿ ಕೂರಿಸಿದ ಗುಟ್‌ಮನ್

1917ನೇ ಇಸವಿ. ಮೊದಲ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಆಗ ಜರ್ಮನಿಗೆ ಸೇರಿದ್ದು ಈಗ ಪೋಲೆಂಡಿನ ಪಾಲಾಗಿರುವ ಕೊನಿಗ್ಸ್‌ಹ್ಯೂಟೆ ಎಂಬ ಕಲ್ಲಿದ್ದಲು ಪಟ್ಟಣದ ಅಪಘಾತ ಆಸ್ಪತ್ರೆಗೆ ಒಬ್ಬ ಗಣಿಕಾರ್ಮಿಕನನ್ನು ತಂದು ಸೇರಿಸಿದರು. ಕಟ್ಟುಮಸ್ತಾದ ಯುವಕ. ಬೆನ್ನುಮೂಳೆ ಮುರಿದು ಸೊಂಟದ ಕೆಳಗಿನ ಸ್ವಾಧೀನ ಪೂರ್ತಿ ತಪ್ಪಿತ್ತು. ವಾರ್ಡಿನಲ್ಲಿ ಸ್ವಯಂಸೇವಕನಾಗಿ ಪರಿಚಾರಕನ ಕೆಲಸ ಮಾಡುತ್ತಿದ್ದ ಹುಡುಗನೊಬ್ಬ ಈ ರೋಗಿಯ ವಿವರಗಳನ್ನು ಶ್ರದ್ಧೆಯಿಂದ ಬರೆದುಕೊಳ್ಳತೊಡಗಿದಾಗ ಹಿರಿಯರು ತಡೆದರು. ಕೆಲವೇ ವಾರಗಳಲ್ಲಿ ಸಾಯುವವನ ಬಗ್ಗೆ ಇಷ್ಟೆಲ್ಲ ಬರೆಯುವುದು ವ್ಯರ್ಥ ಎಂಬುದು ಅವರ ತಿಳಿವಳಿಕೆಯಾಗಿತ್ತು. ಅವರ ಲೆಕ್ಕ ತಪ್ಪಲಿಲ್ಲ. ಐದು ವಾರಗಳಲ್ಲಿ ಆ ಕಾರ್ಮಿಕ ರಕ್ತಕ್ಕೆ ನಂಜೇರಿ ತೀರಿಕೊಂಡ.

ಆ ಹುಡುಗನ ಹೆಸರು ಲುಡ್ವಿಗ್ ಗುಟ್‌ಮನ್. ಇಂದು ಜಗತ್ತು ಆತನನ್ನು ಪ್ಯಾರಾಲಿಂಪಿಕ್ಸ್‌ನ ಜನಕನೆಂದು ನೆನೆಯುತ್ತದೆ. ಆ ಬಿರುದು ಸುಳ್ಳಲ್ಲ, ಆದರೆ ಆತನ ನಿಜವಾದ ಕೆಲಸವನ್ನು ಮರೆಮಾಡುತ್ತದೆ. ಕ್ರೀಡಾಕೂಟ ಬಂದದ್ದು ಆಮೇಲೆ. ಅದಕ್ಕೂ ಮೊದಲು ಗುಟ್‌ಮನ್ ಕೇಳಿದ ಪ್ರಶ್ನೆ ಸರಳವಾದುದು: ಆ ಗಣಿಕಾರ್ಮಿಕ ಸತ್ತದ್ದು ಯಾವುದರಿಂದ? ಮುರಿದ ಮೂಳೆಯಿಂದಲ್ಲ. ಬೆನ್ನುಹುರಿಗೆ ಬಿದ್ದ ಪೆಟ್ಟಿನಿಂದಲೂ ಅಲ್ಲ. ಬೆನ್ನಿನ ಮೇಲೆ ಎದ್ದ ಹುಣ್ಣು ಮತ್ತು ಮೂತ್ರಕೋಶದ ಸೋಂಕು, ಅಂದರೆ ತಡೆಯಬಹುದಾದ ಎರಡು ಸಂಗತಿಗಳು ಇಂಥವರನ್ನು ಕೊಲ್ಲುತ್ತಿದ್ದವು. ಬೆನ್ನು ಮುರಿದವರು ಸಾಯುತ್ತಾರೆ ಎಂಬುದು ನಿಸರ್ಗದ ನಿಯಮವೆಂದು ವೈದ್ಯಲೋಕ ನಂಬಿಕೊಂಡಿತ್ತು. ಅದು ವೈದ್ಯರ ಕೈಬಿಡುವಿಕೆಯ ಫಲ ಎಂದು ತೋರಿಸಲು ಗುಟ್‌ಮನ್ ಸುಮಾರು ಮೂವತ್ತು ವರ್ಷ ಕಾಯಬೇಕಾಯಿತು.

ಆ ಸಾಧನೆಯ ಬೆಲೆ ತಿಳಿಯಬೇಕಾದರೆ ನಮ್ಮ ಬೆನ್ನಿನ ರಚನೆಯನ್ನು ಸ್ವಲ್ಪ ನೋಡಬೇಕು. ಕುತ್ತಿಗೆಯಲ್ಲಿ 7, ಎದೆಯ ಹಿಂಭಾಗದಲ್ಲಿ 12, ಸೊಂಟದಲ್ಲಿ 5, ಇವು ಬೆನ್ನುಮೂಳೆಯ ಬಿಡಿಬಿಡಿ ಕಶೇರುಗಳು. ನಡುವಿನ ಹನ್ನೆರಡಕ್ಕೆ ಒಂದು ವಿಶೇಷವಿದೆ. ಪ್ರತಿಯೊಂದಕ್ಕೂ ಎರಡು ಬದಿಯಲ್ಲಿ ಪಕ್ಕೆಲುಬುಗಳು ಕೂಡಿಕೊಂಡು ಒಂದು ಗಟ್ಟಿ ಪಂಜರವಾಗಿದೆ. ಕುತ್ತಿಗೆಯಂತೆ ಈ ಭಾಗ ಹೊರಳುವುದಿಲ್ಲ, ಸೊಂಟದಂತೆ ಬಾಗುವುದಿಲ್ಲ. ಆದ್ದರಿಂದ ಇದು ಸುಲಭಕ್ಕೆ ಮುರಿಯುವುದೂ ಇಲ್ಲ. ಆದರೆ ಮುರಿದರೆ ಮಾತ್ರ ಅನಾಹುತ. ಎದೆಭಾಗದಲ್ಲಿ ಬೆನ್ನುಹುರಿ ಹಾದುಹೋಗುವ ಕೊಳವೆ ಇಕ್ಕಟ್ಟಾದುದು. ಅಲ್ಲಿಗೆ ರಕ್ತದ ಪೂರೈಕೆಯೂ ತೆಳು. ಪಂಜರವನ್ನು ಮುರಿಯುವಷ್ಟು ದೊಡ್ಡ ಪೆಟ್ಟು ಒಳಗಿನ ಬೆರಳು ಗಾತ್ರದ ಹುರಿಯನ್ನು ಜಜ್ಜದೆ ಬಿಡುವುದು ಅಪರೂಪ. ಎತ್ತರದಿಂದ ಬಿದ್ದವರಲ್ಲಿ ಸಾಮಾನ್ಯವಾಗಿ ಮುರಿಯುವುದು ಈ ಪಂಜರ ಮುಗಿದು ಬಾಗುವ ಸೊಂಟ ಶುರುವಾಗುವ ಸಂಧಿ, ಅಂದರೆ ಎದೆಭಾಗದ ಕೊನೆಯ ಒಂದೆರಡು ಕಶೇರು ಮತ್ತು ಸೊಂಟದ ಮೊದಲನೆಯದು. ನಮ್ಮ ಮಲೆನಾಡು ಮತ್ತು ಕರಾವಳಿಯಲ್ಲಿ ಅಡಕೆ, ತೆಂಗಿನ ಮರದಿಂದ ಬಿದ್ದು ಸೊಂಟ ಹೋಯಿತು ಎನ್ನುವವರ ಕಥೆ ಬಹುಪಾಲು ಈ ಸಂಧಿಯದೇ.

ಈ ಹನ್ನೆರಡು ಕಶೇರುಗಳ ನಡುವಿನಿಂದ ಹನ್ನೆರಡು ಜೊತೆ ನರಗಳು ಹೊರಬಂದು ಪಕ್ಕೆಲುಬುಗಳ ಗುಂಟ ಮುಂದಕ್ಕೆ ಸಾಗುತ್ತವೆ. ಪ್ರತಿಯೊಂದಕ್ಕೂ ಚರ್ಮದ ಮೇಲೆ ತನ್ನದೇ ಆದ ಒಂದು ಪಟ್ಟಿ. ನಾಲ್ಕನೆಯದು ಮೊಲೆತೊಟ್ಟಿನ ಮಟ್ಟ, ಹತ್ತನೆಯದು ಹೊಕ್ಕುಳ ಮಟ್ಟ. ಸರ್ಪಸುತ್ತು ಕಂಡವರಿಗೆ ಈ ಪಟ್ಟಿಯನ್ನು ಬೇರೆ ವಿವರಿಸಬೇಕಾಗಿಲ್ಲ. ಆ ಗುಳ್ಳೆಗಳು ಎದ್ದು ಸಾಲುಗಟ್ಟುವುದು ಒಂದೇ ನರದ ಹಾದಿಯಲ್ಲಿ. ಸುತ್ತು ಪೂರ್ತಿಯಾದರೆ ಪ್ರಾಣ ಹೋಗುತ್ತದೆ ಎಂಬ ನಮ್ಮ ಹಿರಿಯರ ಭಯಕ್ಕೆ ಆಧಾರವಿಲ್ಲ. ಬಲಬದಿಯ ನರ ಬಲಕ್ಕೇ ನಿಲ್ಲುವುದರಿಂದ ಸುತ್ತು ಸಾಮಾನ್ಯವಾಗಿ ನಡುಗೆರೆಯನ್ನು ದಾಟುವುದೇ ಇಲ್ಲ.

ಚರ್ಮದ ಈ ನಕಾಶೆಯನ್ನು ಮನುಷ್ಯರಲ್ಲಿ ನಿಖರವಾಗಿ ಬರೆದವರಲ್ಲಿ ಅಗ್ರಗಣ್ಯರು ಬ್ರೆಸ್ಲಾವ್ ನಗರದ ಓಟ್‌ಫ್ರಿಡ್ ಫೋರ್ಸ್ಟರ್. ಲೆನಿನ್ ಕೊನೆಯ ದಿನಗಳಲ್ಲಿ ಹಾಸಿಗೆ ಹಿಡಿದಾಗ ಚಿಕಿತ್ಸೆಗೆ ಮಾಸ್ಕೋಗೆ ಕರೆಸಿಕೊಂಡಿದ್ದು ಇವರನ್ನೇ. ಅಕ್ಕಪಕ್ಕದ ನರಗಳ ಪಟ್ಟಿಗಳು ಒಂದರ ಮೇಲೊಂದು ಹರಡಿರುವುದರಿಂದ ಒಂದು ನರ ಕತ್ತರಿಸಿದರೆ ಚರ್ಮ ಮರಗಟ್ಟುವುದಿಲ್ಲ. ಸಹಿಸಲಾಗದ ನೋವಿನ ರೋಗಿಗಳಿಗೆ ಹಲವು ನರಮೂಲಗಳನ್ನು ಕತ್ತರಿಸಬೇಕಾಗಿ ಬಂದಾಗ, ನಡುವೆ ಉಳಿದ ಒಂದೇ ನರ ಎಷ್ಟು ಚರ್ಮಕ್ಕೆ ಸ್ಪರ್ಶಜ್ಞಾನ ನೀಡುತ್ತದೆಂದು ಫೋರ್ಸ್ಟರ್ ಗುರುತು ಹಾಕಿದರು. 1933ರಲ್ಲಿ ಪ್ರಕಟವಾದ ಅವರ ಆ ನಕಾಶೆಯ ಋಣ ಇಂದಿನ ವೈದ್ಯಶಾಸ್ತ್ರದ ಮೇಲೂ ಇದೆ. ಅಪಘಾತದ ರೋಗಿಯ ಹೊಟ್ಟೆಯಿಂದ ಎದೆಯವರೆಗೆ ಸೂಜಿಯ ಮೊನೆ ಮುಟ್ಟಿಸುತ್ತ, ಎಲ್ಲಿ ಚುಚ್ಚುವಿಕೆ ತಿಳಿಯಲು ಶುರುವಾಗುತ್ತದೆಂದು ವೈದ್ಯರು ಕೇಳುವುದು ಹುರಿಯ ಪೆಟ್ಟಿನ ಮಟ್ಟವನ್ನು ಓದಿಕೊಳ್ಳಲು.

ಈ ಗುರುವಿನ ಬಳಿಗೆ ಗುಟ್‌ಮನ್ ಬಂದದ್ದು ಆಕಸ್ಮಿಕ. 1899ರ ಜುಲೈ 3ರಂದು ಟೋಸ್ಟ್ ಎಂಬ ಊರಿನ ಯಹೂದಿ ಕುಟುಂಬದಲ್ಲಿ ಹುಟ್ಟಿದ ಅವರು 1924ರಲ್ಲಿ ವೈದ್ಯ ಪದವಿ ಪಡೆದರು. ಮಕ್ಕಳ ವೈದ್ಯರಾಗುವ ಆಸೆಯಿತ್ತು, ಅಲ್ಲಿ ಜಾಗವಿರಲಿಲ್ಲ. ನರರೋಗ ವಿಭಾಗದಲ್ಲಿ ಖಾಲಿಯಿತ್ತು. ನಡುವೆ ಹ್ಯಾಂಬರ್ಗ್‌ನಲ್ಲಿ ಕಳೆದ ಒಂದು ವರ್ಷ ಬಿಟ್ಟರೆ 1933ರವರೆಗೂ ಅವರು ಫೋರ್ಸ್ಟರ್ ಅವರ ಜೊತೆಗಿದ್ದರು, ಕೊನೆಗೆ ಮುಖ್ಯ ಸಹಾಯಕರೂ ಆದರು. ಆ ವರ್ಷ ಹಿಟ್ಲರ್ ಅಧಿಕಾರಕ್ಕೆ ಬಂದ. ಯಹೂದಿ ವೈದ್ಯರಿಗೆ ಸರ್ಕಾರಿ ಆಸ್ಪತ್ರೆಗಳ ಬಾಗಿಲು ಮುಚ್ಚಿತು. ದೇಶದ ಶ್ರೇಷ್ಠ ನರತಜ್ಞರಲ್ಲೊಬ್ಬರಾಗಿ ಬೆಳೆಯುತ್ತಿದ್ದವರು ಬ್ರೆಸ್ಲಾವ್‌ನ ಯಹೂದಿ ಆಸ್ಪತ್ರೆಯನ್ನು ಸೇರಿದರು, 1937ರಲ್ಲಿ ಅದರ ವೈದ್ಯಕೀಯ ನಿರ್ದೇಶಕರಾದರು.

1938ರ ನವೆಂಬರ್ 9ರ ರಾತ್ರಿ ಜರ್ಮನಿಯಾದ್ಯಂತ ಯಹೂದಿಗಳ ಮಂದಿರಗಳಿಗೆ ಬೆಂಕಿ ಬಿತ್ತು, ಅಂಗಡಿಗಳ ಗಾಜುಗಳು ಪುಡಿಯಾದವು. ಅಂದು ಆಸ್ಪತ್ರೆಯ ಬಾಗಿಲಿಗೆ ಬರುವ ಯಾರನ್ನೇ ಆಗಲಿ ಪ್ರಶ್ನೆ ಕೇಳದೆ ದಾಖಲು ಮಾಡಿಕೊಳ್ಳಬೇಕೆಂದು ಗುಟ್‌ಮನ್ ಸಿಬ್ಬಂದಿಗೆ ಆಜ್ಞೆ ಮಾಡಿದರು. ಮಾರನೆಯ ದಿನ ಗೆಸ್ಟಾಪೊ ಅಧಿಕಾರಿಗಳು ಬಂದರು. ರಾತ್ರೋರಾತ್ರಿ ಇಷ್ಟು ಜನರಿಗೆ ಕಾಯಿಲೆ ಬಂದದ್ದು ಹೇಗೆಂದು ಅವರಿಗೆ ಅನುಮಾನ. ಗುಟ್‌ಮನ್ ಅವರನ್ನು ಹಾಸಿಗೆಯಿಂದ ಹಾಸಿಗೆಗೆ ಕರೆದೊಯ್ದು ಒಬ್ಬೊಬ್ಬನಿಗೂ ಒಂದೊಂದು ರೋಗವನ್ನು ಸ್ಥಳದಲ್ಲೇ ಹೇಳುತ್ತ ಹೋದರು. ದಾಖಲಾದ 64 ಮಂದಿಯಲ್ಲಿ 60 ಮಂದಿ ಬಂಧನದಿಂದ ಪಾರಾದರು. ರೋಗನಿದಾನ ಎಂಬ ವಿದ್ಯೆ ಇಷ್ಟು ಸಾರ್ಥಕವಾಗಿ ಸುಳ್ಳು ಹೇಳಿದ ಸಂದರ್ಭ ವೈದ್ಯಕೀಯ ಚರಿತ್ರೆಯಲ್ಲಿ ಹೆಚ್ಚಿಲ್ಲ.

ಪಾಸ್‌ಪೋರ್ಟನ್ನು ಮೊದಲೇ ಕಿತ್ತುಕೊಂಡಿದ್ದ ಅದೇ ಸರ್ಕಾರ ತಿಂಗಳೊಳಗೆ ಅದನ್ನು ವಾಪಸು ಕೊಟ್ಟಿತು ಎಂಬುದು ಇನ್ನೊಂದು ವಿಚಿತ್ರ. ಪೋರ್ಚುಗಲ್‌ನ ಸರ್ವಾಧಿಕಾರಿ ಸಲಜಾರ್‌ನ ಆಪ್ತನೊಬ್ಬನಿಗೆ ನರತಜ್ಞ ಬೇಕಿತ್ತು. ಜರ್ಮನಿಯ ವಿದೇಶಾಂಗ ಸಚಿವ ರಿಬ್ಬೆನ್‌ಟ್ರಾಪ್ ಗುಟ್‌ಮನ್‌ರನ್ನು ಲಿಸ್ಬನ್‌ಗೆ ಕಳುಹಿಸಿದ. ಹಿಂದಿರುಗುವ ದಾರಿಯಲ್ಲಿ ಅವರು ಲಂಡನ್ನಿನಲ್ಲಿ ಇಳಿದು, ನಿರಾಶ್ರಿತ ವಿದ್ವಾಂಸರಿಗೆ ನೆರವಾಗುತ್ತಿದ್ದ ಸಂಸ್ಥೆಯೊಂದಿಗೆ ಮಾತುಕತೆ ಮುಗಿಸಿದರು. 1939ರ ಮಾರ್ಚ್ 14ರಂದು ಪತ್ನಿ ಎಲ್ಸೆ ಹಾಗೂ ಇಬ್ಬರು ಮಕ್ಕಳೊಂದಿಗೆ ಆಕ್ಸ್‌ಫರ್ಡ್ ತಲುಪಿದರು. ಮಹಾಯುದ್ಧಕ್ಕೆ ಆಗ ಆರು ತಿಂಗಳೂ ಉಳಿದಿರಲಿಲ್ಲ.

ಆಕ್ಸ್‌ಫರ್ಡ್‌ನಲ್ಲಿ ಅವರಿಗೆ ದೊರೆತದ್ದು ಸಂಶೋಧನೆಯ ಕೆಲಸ. ಅವರ ಬೆವರಿನ ಪರೀಕ್ಷೆ ಪ್ರಸಿದ್ಧ. ಕ್ವಿನಿಜರಿನ್ ಎಂಬ ಪುಡಿಯನ್ನು ಮೈಗೆ ಸವರಿ ರೋಗಿಗೆ ಬೆವರು ಬರಿಸಿದರೆ ಬೆವರಿದ ಜಾಗ ನೇರಳೆಯಾಗುತ್ತದೆ, ನರ ಕಡಿದ ಜಾಗ ಒಣಗಿಯೇ ಉಳಿಯುತ್ತದೆ. ಫೋರ್ಸ್ಟರ್ ಸ್ಪರ್ಶದ ನಕಾಶೆ ಬರೆದರೆ ಶಿಷ್ಯ ಬೆವರಿನ ನಕಾಶೆ ಬರೆದ. ಇದು ಮುಂದೆ ಬಹಳ ಉಪಯೋಗಕ್ಕೆ ಬಂತು. ಆದರೆ ರೋಗಿಗಳ ಪೂರ್ಣ ಹೊಣೆ ಅವರ ಕೈಯಲ್ಲಿರಲಿಲ್ಲ. ವಾರ್ಡನ್ನೇ ಆಳಿ ಅಭ್ಯಾಸವಾಗಿದ್ದ ಮನುಷ್ಯನಿಗೆ ಇದು ಕಸಿವಿಸಿ ತಂದಿತ್ತು.

1943ರ ಹೊತ್ತಿಗೆ ಬ್ರಿಟನ್ ಸರ್ಕಾರ ಯುರೋಪಿನ ಮೇಲಿನ ದೊಡ್ಡ ದಾಳಿಗೆ ತಯಾರಿ ನಡೆಸಿತ್ತು. ಬೆನ್ನಿಗೆ ಗುಂಡು ತಗುಲಿದ, ವಿಮಾನದಿಂದ ಬಿದ್ದ ಸೈನಿಕರು ಸಾಲುಸಾಲಾಗಿ ಬರಲಿದ್ದಾರೆಂಬುದು ಗೊತ್ತಿತ್ತು. ಹಿಂದಿನ ಯುದ್ಧದ ಅನುಭವ ಭಯಾನಕವಾಗಿತ್ತು. ಬೆನ್ನುಹುರಿಗೆ ಪೆಟ್ಟಾದ ಸೈನಿಕರಲ್ಲಿ ಸುಮಾರು ನೂರಕ್ಕೆ ಎಂಬತ್ತು ಮಂದಿ ಉಳಿದಿರಲಿಲ್ಲ. ಇಂಥವರಿಗೆಂದೇ ಒಂದು ಪ್ರತ್ಯೇಕ ಘಟಕ ತೆರೆಯಲು ಆಹ್ವಾನ ಬಂದಾಗ ಗುಟ್‌ಮನ್ ಒಂದು ಷರತ್ತು ಹಾಕಿದರು: ಚಿಕಿತ್ಸೆ ತಮ್ಮ ರೀತಿಯಲ್ಲೇ ನಡೆಯಬೇಕು, ಮೇಲೊಬ್ಬ ವೈದ್ಯರ ಅಂಕೆ ಇರಕೂಡದು. ಷರತ್ತಿಗೆ ಒಪ್ಪಿಗೆ ಸಿಕ್ಕಿತು. ಈ ಕೆಲಸಕ್ಕೆ ಪೈಪೋಟಿಯೇನೂ ಇರಲಿಲ್ಲ, ಸಾಯುವವರ ವಾರ್ಡನ್ನು ಯಾರು ತಾನೆ ಬಯಸುತ್ತಾರೆ?

1944ರ ಫೆಬ್ರುವರಿ 1ರಂದು ಬಕಿಂಗ್‌ಹ್ಯಾಮ್‌ಷೈರ್‌ನ ಆಯಿಲ್ಸ್‌ಬರಿ ಪಟ್ಟಣದ ಬಳಿಯ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಘಟಕ ಆರಂಭವಾಯಿತು. ತುರ್ತಿಗೆಂದು ಕಟ್ಟಿದ ಶೆಡ್ಡುಗಳು. ಮೂವತ್ತಕ್ಕೂ ಕಡಿಮೆ ಹಾಸಿಗೆ. ಮೊದಲ ದಿನ ಒಬ್ಬನೇ ರೋಗಿ. ಆಮೇಲೆ ಬಂದವರ ಸ್ಥಿತಿ ಹೇಳತೀರದು. ಮುರಿದ ಬೆನ್ನು ಅಲುಗದಿರಲೆಂದು ಅನೇಕರನ್ನು ಕತ್ತಿನಿಂದ ತೊಡೆಯವರೆಗೆ ಪ್ಲಾಸ್ಟರಿನ ಅಚ್ಚಿನೊಳಗೆ ಕೂಡಿಹಾಕಿ ಕಳುಹಿಸುತ್ತಿದ್ದರು. ಪ್ಲಾಸ್ಟರ್ ಬಿಚ್ಚಿದರೆ ಕೆಳಗೆ ಮೂಳೆ ಕಾಣುವಷ್ಟು ಆಳದ ಹುಣ್ಣುಗಳು, ತಡೆಯಲಾಗದ ದುರ್ವಾಸನೆ.

ಹುಣ್ಣು ಏಕಾಗುತ್ತದೆ? ನಾವೆಲ್ಲ ನಿದ್ದೆಯಲ್ಲಿ ಹತ್ತಾರು ಬಾರಿ ಮಗ್ಗುಲು ಬದಲಿಸುತ್ತೇವೆ. ಚರ್ಮ ಒತ್ತಿ ರಕ್ತ ನಿಂತೊಡನೆ ನರಗಳು ಚುರುಕು ಮುಟ್ಟಿಸುತ್ತವೆ, ಎಚ್ಚರವಿಲ್ಲದೆಯೇ ಹೊರಳುತ್ತೇವೆ. ಹುರಿ ಕಡಿದವನಿಗೆ ಆ ಸಂದೇಶ ತಲುಪದು, ತಲುಪಿದರೂ ಹೊರಳಲು ಆಗದು. ಬಾಲದ ಮೂಳೆಯ ಮೇಲೆ, ಹಿಮ್ಮಡಿಯ ಮೇಲೆ ಕೆಲವೇ ಗಂಟೆಗಳಲ್ಲಿ ಚರ್ಮ ಸಾಯತೊಡಗುತ್ತದೆ. ಗುಟ್‌ಮನ್ ಪ್ಲಾಸ್ಟರುಗಳನ್ನು ಒಡೆಸಿ ಹಾಕಿದರು. ಮೆತ್ತನೆಯ ದಿಂಬುಗಳನ್ನು ಜೋಡಿಸಿ ಬೆನ್ನನ್ನು ಸರಿಯಾದ ಭಂಗಿಯಲ್ಲಿರಿಸಿ, ಹಗಲಿರುಳೂ ಎರಡು ಗಂಟೆಗೊಮ್ಮೆ ಪ್ರತಿ ರೋಗಿಯನ್ನೂ ಹೊರಳಿಸಬೇಕೆಂದು ಕಟ್ಟಪ್ಪಣೆ ಮಾಡಿದರು. ಬೆನ್ನು ತಿರುಚದಂತೆ ಹಲವರು ಒಟ್ಟಾಗಿ ಒಮ್ಮೆಲೇ ಹೊರಳಿಸುವ ಕೆಲಸ ಅದು. ರಾತ್ರಿ ಪಾಳಿಯವರು ತಪ್ಪಿಸುತ್ತಾರೋ ಎಂದು ನಡುರಾತ್ರಿ ತಾವೇ ವಾರ್ಡಿಗೆ ಬಂದು ನಿಲ್ಲುತ್ತಿದ್ದರು.

ಎರಡನೆಯದು ಮೂತ್ರಕೋಶ. ಅದನ್ನು ಆಳುವ ನರಗಳು ಹೊರಡುವುದು ಹುರಿಯ ಕಟ್ಟಕಡೆಯ ತುದಿಯಿಂದ, ಆದ್ದರಿಂದ ಪೆಟ್ಟು ಎದೆಯ ಮಟ್ಟದಲ್ಲಿದ್ದರೂ ಮೂತ್ರದ ಹತೋಟಿ ತಪ್ಪುತ್ತದೆ. ಅಂದಿನ ರೂಢಿಯಂತೆ ಖಾಯಂ ನಳಿಕೆ ಇಟ್ಟುಬಿಟ್ಟರೆ ಅದೇ ಸೋಂಕಿನ ಹಾದಿ. ಸೋಂಕು ಮೂತ್ರಪಿಂಡಕ್ಕೇರಿ ರೋಗಿ ಸಾಯುತ್ತಿದ್ದ. ಗುಟ್‌ಮನ್ ನಿಗದಿತ ಹೊತ್ತಿಗೆ ಮಾತ್ರ ನಳಿಕೆ ಹಾಕಿ ತೆಗೆಯುವ ಪದ್ಧತಿ ತಂದರು. ನಳಿಕೆಗೆ ಬೆರಳು ಸೋಕದಂತೆ ಮಾಡಬೇಕಾದ ಈ ಕೆಲಸವನ್ನು ಕೆಳಗಿನ ಸಿಬ್ಬಂದಿಗೆ ಬಿಡದೆ ವೈದ್ಯರೇ ಮಾಡಬೇಕೆಂದು ನಿಯಮವಿಟ್ಟರು. ಪದವಿಯ ಗರ್ವ ಇದ್ದವರಿಗೆ ಇದು ಹಿಡಿಸದ ಮಾತು.

ಇದರಲ್ಲಿ ಯಾವುದೂ ಮಹಾ ಆವಿಷ್ಕಾರವಲ್ಲ ಎಂಬುದನ್ನು ಗಮನಿಸಬೇಕು. ಅಮೆರಿಕದ ಬಾಸ್ಟನ್ನಿನಲ್ಲಿ ಡೊನಾಲ್ಡ್ ಮನ್ರೊ ಎಂಬ ವೈದ್ಯರು 1936ರಷ್ಟು ಹಿಂದೆಯೇ ಇಂಥ ರೋಗಿಗಳಿಗೆ ಪ್ರತ್ಯೇಕ ಆರೈಕೆ ಶುರುಮಾಡಿದ್ದರು. ಸೋಂಕಿಗೆ ಸಲ್ಫಾ ಮದ್ದು ಬಂದಿತ್ತು, ಪೆನಿಸಿಲಿನ್ ಆಗಷ್ಟೇ ಕೈಗೆ ಸಿಗತೊಡಗಿತ್ತು. ಆ ಅದೃಷ್ಟದ ಪಾಲನ್ನು ಅಲ್ಲಗಳೆಯಲಾಗದು. ಗುಟ್‌ಮನ್ ವಿಶೇಷವಿದ್ದುದು ಚರ್ಮ, ಮೂತ್ರ, ಉಸಿರು, ಮನಸ್ಸು, ಜೀವನೋಪಾಯ ಎಲ್ಲವನ್ನೂ ಒಂದೇ ಸೂರಿನಡಿ, ಒಂದೇ ಹಟದಲ್ಲಿ ನೋಡಿಕೊಂಡದ್ದರಲ್ಲಿ.

ಎದೆಭಾಗದ ಬೆನ್ನುಹುರಿಯ ಬಗ್ಗೆ ಅವರ ಒಂದು ಶೋಧವನ್ನು ಮಾತ್ರ ವಿಜ್ಞಾನದ ದೃಷ್ಟಿಯಿಂದಲೂ ದೊಡ್ಡದೆನ್ನಬೇಕು. ಪೆಟ್ಟು ಎದೆಯ ಮೇಲ್ಭಾಗದಲ್ಲೋ ಕುತ್ತಿಗೆಯಲ್ಲೋ ಆಗಿರುವ ಕೆಲವರಿಗೆ ಇದ್ದಕ್ಕಿದ್ದಂತೆ ತಲೆ ಸಿಡಿಯುವ ನೋವು ಬರುತ್ತಿತ್ತು. ಮುಖ ಕೆಂಪೇರುತ್ತಿತ್ತು, ಹಣೆಯಿಂದ ಬೆವರು ಇಳಿಯುತ್ತಿತ್ತು, ರಕ್ತದೊತ್ತಡ ಗಾಬರಿಯಾಗುವಷ್ಟು ಏರುತ್ತಿತ್ತು. ಆದರೆ ನಾಡಿ ಮಾತ್ರ ನಿಧಾನ. ಶರೀರಕ್ರಿಯಾ ವಿಜ್ಞಾನಿ ಡೇವಿಡ್ ವಿಟ್‌ರಿಜ್ ಅವರೊಡನೆ ಗುಟ್‌ಮನ್ ಇದರ ಕಾರಣ ಹುಡುಕಿ 1947ರಲ್ಲಿ ಪ್ರಕಟಿಸಿದರು. ಕಾರಣ ತುಂಬಿದ ಮೂತ್ರಕೋಶ!

ರಕ್ತನಾಳಗಳನ್ನು ಬಿಗಿಗೊಳಿಸುವ, ನಮ್ಮ ಇಚ್ಛೆಗೆ ಒಳಪಡದ ಸಿಂಪಥೆಟಿಕ್ ನರಗಳೆಲ್ಲ ಹೊರಡುವುದು ಎದೆಭಾಗದ ಹುರಿ ಮತ್ತು ಅದರ ಕೆಳಗಿನ ಸೊಂಟಭಾಗದ ಮೊದಲ ಒಂದೆರಡು ಮಟ್ಟದಿಂದ. ಹೊಟ್ಟೆಯ ದೊಡ್ಡ ರಕ್ತನಾಳಗಳ ಹಿಡಿತವಿರುವುದು ಸುಮಾರು ಎದೆಭಾಗದ 6ನೇ ಮಟ್ಟದಿಂದ ಕೆಳಗೆ. ಪೆಟ್ಟು ಅದಕ್ಕೂ ಮೇಲಿದ್ದರೆ ಕೆಳಗಿನ ಹುರಿ ಮಿದುಳಿನ ಆಳ್ವಿಕೆ ತಪ್ಪಿದ ಪಾಳೆಯಗಾರನಂತೆ ವರ್ತಿಸುತ್ತದೆ. ಮೂತ್ರಕೋಶ ತುಂಬಿದ ಸುದ್ದಿ ಅದಕ್ಕೆ ತಲುಪುತ್ತದೆ, ಅದು ರಕ್ತನಾಳಗಳನ್ನೆಲ್ಲ ಬಿಗಿಹಿಡಿಯುತ್ತದೆ, ಒತ್ತಡ ಚಿಮ್ಮುತ್ತದೆ. ಕುತ್ತಿಗೆಯ ರಕ್ತನಾಳದಲ್ಲಿರುವ ಸಂವೇದಕಗಳಿಂದ ಮಿದುಳಿಗೆ ಇದು ತಿಳಿದು, ಬೆನ್ನುಹುರಿಯನ್ನು ಅವಲಂಬಿಸದ ವೇಗಸ್ ನರದ ಮೂಲಕ ಹೃದಯವನ್ನು ನಿಧಾನಿಸುತ್ತದೆ. ಆದರೆ ಬಿಗಿದ ನಾಳಗಳನ್ನು ಸಡಿಲಿಸುವ ಆಜ್ಞೆ ಮುರಿದ ಜಾಗವನ್ನು ದಾಟಲಾರದು. ಹಾಗೇ ಬಿಟ್ಟರೆ ಮಿದುಳಿನಲ್ಲಿ ರಕ್ತಸ್ರಾವವಾಗಿ ಸಾಯಬಹುದು. ಮೊದಲ ಉಪಾಯ ರೋಗಿಯನ್ನು ಎಬ್ಬಿಸಿ ಕೂರಿಸುವುದು, ಬಿಗಿ ಬಟ್ಟೆ ಸಡಿಲಿಸುವುದು, ಮೂತ್ರ ಖಾಲಿ ಮಾಡಿಸುವುದು. ಬೆನ್ನು ಮುರಿದವರನ್ನು ಮನೆಯಲ್ಲಿ ನೋಡಿಕೊಳ್ಳುವ ಕುಟುಂಬಗಳಿಗೆಲ್ಲ ತಿಳಿದಿರಬೇಕಾದ ಸಂಗತಿ ಇದು. ಕಟ್ಟಿಕೊಂಡ ನಳಿಕೆಯೊಂದು, ಮಲಬದ್ಧತೆ, ಕೊನೆಗೆ ಒಂದು ಉಗುರುಸುತ್ತು ಕೂಡ ಈ ಆಪತ್ತನ್ನು ತರಬಲ್ಲದು.

ಇನ್ನು ಆಟದ ಮಾತು. ರೋಗಿಗಳನ್ನು ಉಳಿಸಿದ ಮೇಲೆ ಮುಂದೇನು? ಹಾಸಿಗೆ ಬಿಟ್ಟೇಳದವನು ಉಳಿದೂ ಸತ್ತಂತೆ ಎಂಬುದು ಗುಟ್‌ಮನ್ ನಿಲುವು. ಬೆಳಿಗ್ಗೆ ಎಬ್ಬಿಸಿ, ಅಂಗಸಾಧನೆ ಮಾಡಿಸಿ, ಮರಗೆಲಸ, ಗಡಿಯಾರ ರಿಪೇರಿ, ಬೆರಳಚ್ಚು ಕಲಿಸುತ್ತಿದ್ದರು. ಸೇನೆಯ ವ್ಯಾಯಾಮ ಶಿಕ್ಷಕರೊಬ್ಬರ ನೆರವಿನಿಂದ ಗಾಲಿಕುರ್ಚಿಯಲ್ಲೇ ಪೋಲೊ ಆಡಿಸಿದರು. ಅದು ಅತಿ ಒರಟಾಯಿತೆಂದು ನೆಟ್‌ಬಾಲ್, ಬಾಸ್ಕೆಟ್‌ಬಾಲ್ ಬಂದವು. ಆದರೆ ಅವರ ಅಚ್ಚುಮೆಚ್ಚಿನ ಆಟ ಬಿಲ್ಲುವಿದ್ಯೆ. ಅದರ ಹಿಂದೆ ಶುದ್ಧ ಅಂಗರಚನಾ ಶಾಸ್ತ್ರವಿತ್ತು. ಬೆನ್ನಿನ ಎರಡು ಬದಿಯಲ್ಲಿ ಲ್ಯಾಟಿಸಿಮಸ್ ಡಾರ್ಸೈ ಎಂಬ ಅಗಲವಾದ ಸ್ನಾಯುಗಳಿವೆ. ಅವುಗಳ ಕೆಳತುದಿ ಸೊಂಟದ ಮೂಳೆಗೆ ಅಂಟಿದೆ, ಆದರೆ ನರ ಬರುವುದು ಕುತ್ತಿಗೆಯಿಂದ. ಅಂದರೆ ಎದೆಯ ಮಟ್ಟದಲ್ಲಿ ಹುರಿ ಕಡಿದಿದ್ದರೂ ಈ ಸ್ನಾಯು ಜೀವಂತ. ಸತ್ತ ಅರ್ಧಕ್ಕೂ ಬದುಕಿರುವ ಅರ್ಧಕ್ಕೂ ಉಳಿದ ಸೇತುವೆ ಅದೊಂದೇ. ಬಿಲ್ಲಿನ ಹೆದೆ ಎಳೆದಷ್ಟೂ ಅದು ಬಲಿಯುತ್ತದೆ, ಬಲಿತಷ್ಟೂ ಮುಂಡ ನೆಟ್ಟಗೆ ನಿಲ್ಲುತ್ತದೆ, ತನ್ನ ಸೊಂಟ ಎಲ್ಲಿದೆ ಎಂಬ ಅರಿವು ಆ ಸ್ನಾಯುವಿನ ಸೆಳೆತದಿಂದಲೇ ರೋಗಿಗೆ ಮತ್ತೆ ಬರುತ್ತದೆ. ಬಿಲ್ಲುಗಾರಿಕೆಯಲ್ಲಿ ಗಾಲಿಕುರ್ಚಿಯವನು ನಿಂತವನೊಡನೆ ಸರಿಸಮನಾಗಿ ಸ್ಪರ್ಧಿಸಬಹುದೆಂಬ ಲೆಕ್ಕವೂ ಇತ್ತು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ನ್ಯೂಜಿಲೆಂಡಿನ ನೆರೋಲಿ ಫೇರ್‌ಹಾಲ್ ಗಾಲಿಕುರ್ಚಿಯಿಂದಲೇ ಬಾಣ ಬಿಟ್ಟು ಅದನ್ನು ನಿಜ ಮಾಡಿದರು.

1948ರ ಜುಲೈ 29ರಂದು ಲಂಡನ್ನಿನಲ್ಲಿ ಒಲಿಂಪಿಕ್ಸ್ ಉದ್ಘಾಟನೆಯಾಯಿತು. ಅದೇ ದಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯ ಹುಲ್ಲುಹಾಸಿನ ಮೇಲೆ 14 ಪುರುಷರು, ಇಬ್ಬರು ಮಹಿಳೆಯರು ಗಾಲಿಕುರ್ಚಿಯಲ್ಲಿ ಕೂತು ಬಿಲ್ಲು ಹಿಡಿದರು. ಗುಟ್‌ಮನ್ ತಂಡ ಸೋತಿತು, ರಿಚ್ಮಂಡ್‌ನ ಸ್ಟಾರ್ ಅಂಡ್ ಗಾರ್ಟರ್ ಮನೆಯ ಮಾಜಿ ಸೈನಿಕರು ಗೆದ್ದರು. 1952ರಲ್ಲಿ ನೆದರ್ಲೆಂಡ್ಸ್ ತಂಡ ಬಂದು ಕೂಟ ಅಂತರರಾಷ್ಟ್ರೀಯವಾಯಿತು. 1960ರಲ್ಲಿ ಒಲಿಂಪಿಕ್ಸ್ ಮುಗಿದ ಬೆನ್ನಿಗೇ ರೋಮ್ ನಗರದಲ್ಲಿ 23 ದೇಶಗಳ ಸುಮಾರು 400 ಸ್ಪರ್ಧಿಗಳು ಸೇರಿದರು. ಕ್ರೀಡಾಗ್ರಾಮದ ಮನೆಗಳಿಗೆ ಮೆಟ್ಟಿಲುಗಳಿದ್ದುದರಿಂದ ಇಟಲಿಯ ಸೈನಿಕರು ಅವರನ್ನು ಹತ್ತಿಸಿ ಇಳಿಸಬೇಕಾಯಿತು. ಅದನ್ನೇ ಈಗ ಮೊದಲ ಪ್ಯಾರಾಲಿಂಪಿಕ್ಸ್ ಎಂದು ಎಣಿಸುವುದು. ಅಲ್ಲಿ ಬಿಲ್ಲುಗಾರಿಕೆಯಲ್ಲಿ ಚಿನ್ನ ಗೆದ್ದ ಮಾರ್ಗರೆಟ್ ಮಾನ್ ಹಿಂದಿನ ವರ್ಷವಷ್ಟೇ ಆಫ್ರಿಕಾದಲ್ಲಿ ಕಾರು ಅಪಘಾತಕ್ಕೆ ಸಿಕ್ಕಿ ಗುಟ್‌ಮನ್ ವಾರ್ಡಿಗೆ ಬಂದಿದ್ದವರು. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನ ಜ್ಯೋತಿ ಬೆಳಗಿದ್ದು ಆಕೆಯೇ.

ಭಾರತಕ್ಕೆ ಈ ಹಾದಿಯಲ್ಲಿ ಮೊದಲ ಚಿನ್ನ ತಂದವರು ಮುರಳಿಕಾಂತ ಪೇಟ್ಕರ್. 1965ರ ಪಾಕಿಸ್ತಾನ ಯುದ್ಧದಲ್ಲಿ ಬೆನ್ನುಮೂಳೆಗೆ ಗುಂಡು ತಗುಲಿದ ಈ ಸೈನಿಕ 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ 50 ಮೀಟರ್ ಈಜಿನಲ್ಲಿ ಗೆದ್ದರು. ನಮ್ಮವರೇ ಆದ, ಬೆಂಗಳೂರಿನ ಮಾಲತಿ ಹೊಳ್ಳ ಪೋಲಿಯೊದಿಂದ ಕಾಲಿನ ಬಲ ಕಳೆದುಕೊಂಡು ಗಾಲಿಕುರ್ಚಿಯಿಂದಲೇ ಗೆದ್ದ ಪದಕಗಳು ನೂರಾರು. ಕ್ರೀಡೆಗಿಂತ ಚಿಕಿತ್ಸೆಯಲ್ಲಿ ಈ ಪರಂಪರೆಯನ್ನು ದಕ್ಷಿಣ ಭಾರತಕ್ಕೆ ತಂದವರೆಂದರೆ ವೆಲ್ಲೂರಿನ ಡಾ. ಮೇರಿ ವರ್ಗೀಸ್. 1954ರ ಅಪಘಾತದಲ್ಲಿ ಸ್ವತಃ ಬೆನ್ನುಹುರಿ ಕಳೆದುಕೊಂಡ ಅವರು ಆಸ್ಟ್ರೇಲಿಯದ ಪರ್ತ್‌ನಲ್ಲಿ ಪುನಶ್ಚೇತನ ಪಡೆದು, ನ್ಯೂಯಾರ್ಕಿನಲ್ಲಿ ಆ ಶಾಸ್ತ್ರವನ್ನೇ ಕಲಿತು, ಹಿಂದಿರುಗಿ 1966ರಲ್ಲಿ ವೆಲ್ಲೂರಿನಲ್ಲಿ ಪುನರ್ವಸತಿ ಕೇಂದ್ರ ಆರಂಭವಾಗಲು ಕಾರಣರಾದರು. ಆದರೂ ನಮ್ಮಲ್ಲಿ ಬೆನ್ನು ಮುರಿದ ಕೂಲಿಕಾರನನ್ನು ಶಸ್ತ್ರಚಿಕಿತ್ಸೆಯ ಬಳಿಕ ಹತ್ತು ಹದಿನೈದು ದಿನಕ್ಕೆ ಮನೆಗೆ ಕಳುಹಿಸಿ, ಎರಡು ಗಂಟೆಗೊಮ್ಮೆ ಹೊರಳಿಸಬೇಕೆಂಬ ಮಾತನ್ನು ಹೆಂಡತಿಗೋ ತಾಯಿಗೋ ಸರಿಯಾಗಿ ಹೇಳದಿರುವುದು ಇಂದಿಗೂ ಅಪರೂಪವಲ್ಲ. ಲಕ್ಷಗಟ್ಟಲೆ ಖರ್ಚಿನ ತಿರುಪು, ಸರಳುಗಳು ಮುರಿದ ಮೂಳೆಯನ್ನು ಹಿಡಿದಿರುತ್ತವೆ. ಅವನ ಪ್ರಾಣ ಇರುವುದು ಮಾತ್ರ ಬಾಲದ ಮೂಳೆಯ ಮೇಲಿನ ಚರ್ಮದಲ್ಲಿ.

ಗುಟ್‌ಮನ್ ಎಲ್ಲದರಲ್ಲೂ ಸರಿಯಾಗಿದ್ದರೆಂದು ಹೇಳಲಾಗದು. ಮುರಿದ ಬೆನ್ನಿಗೆ ಕತ್ತಿ ಹಾಕುವುದನ್ನು ಅವರು ಕೊನೆಯವರೆಗೂ ವಿರೋಧಿಸಿದರು. ಕಶೇರುವಿನ ಹಿಂಭಾಗವನ್ನು ಕತ್ತರಿಸಿ ತೆಗೆಯುವ ಆಗಿನ ಶಸ್ತ್ರಚಿಕಿತ್ಸೆ ಬೆನ್ನನ್ನು ಇನ್ನಷ್ಟು ಸಡಿಲಗೊಳಿಸುತ್ತಿದ್ದುದರಿಂದ ಆ ಕಾಲಕ್ಕೆ ಆ ವಿರೋಧ ಸಕಾರಣವಾಗಿತ್ತು. ಸ್ಕ್ಯಾನಿಂಗ್ ಯಂತ್ರಗಳೂ ಗಟ್ಟಿ ಲೋಹದ ಆಧಾರಗಳೂ ಬಂದ ಮೇಲೆ, ಹುರಿಯ ಮೇಲಿನ ಒತ್ತಡವನ್ನು ಸಾಧ್ಯವಾದರೆ ಒಂದು ದಿನದೊಳಗೆ ಶಸ್ತ್ರಚಿಕಿತ್ಸೆಯಿಂದ ತೆಗೆಯುವುದೇ ಮೇಲೆಂದು ಇಂದಿನ ವೈದ್ಯರು ಎಣಿಸುತ್ತಾರೆ. ಸ್ವಭಾವವೂ ಸುಲಭದ್ದಲ್ಲ. ಸಿಡುಕು, ಏಕಾಧಿಪತ್ಯ, ತಾನು ಹೇಳಿದ್ದೇ ಆಗಬೇಕೆಂಬ ಹಟ. ರೋಗಿಗಳು ಅವರನ್ನು ಪಾಪಾ ಎಂದು ಕರೆಯುತ್ತಿದ್ದುದರಲ್ಲಿ ಪ್ರೀತಿಯಷ್ಟೇ ಭಯವೂ ಇದ್ದಿರಬೇಕು. ತಮ್ಮ ಕೂಟವನ್ನು ಬಹುಕಾಲ ಬೆನ್ನುಹುರಿಯವರಿಗೇ ಮೀಸಲಿಟ್ಟರು. ಕೈಕಾಲು ಕಳೆದುಕೊಂಡವರಿಗೂ ಅಂಧರಿಗೂ ಅಲ್ಲಿ ಜಾಗ ಸಿಕ್ಕಿದ್ದು 1976ರ ಟೊರಾಂಟೊ ಕೂಟದಲ್ಲಿ. ಅಂಗವಿಕಲರು ತಮ್ಮ ವ್ಯವಹಾರವನ್ನು ತಾವೇ ನಡೆಸಿಕೊಳ್ಳಬೇಕೆಂಬ ಮುಂದಿನ ಪೀಳಿಗೆಯ ದನಿ ಅವರಿಗೆ ಅಷ್ಟಾಗಿ ಕೇಳಿಸಿದಂತಿಲ್ಲ.

ಗೌರವಗಳಿಗೆ ಕೊರತೆಯಾಗಲಿಲ್ಲ. 1966ರಲ್ಲಿ ನೈಟ್ ಪದವಿ, 1976ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ. ಅವರು 1961ರಲ್ಲಿ ಕಟ್ಟಿದ ಅಂತರರಾಷ್ಟ್ರೀಯ ವೈದ್ಯ ಸಂಘ ಇಂದಿಗೂ ಇದೆ. ಬೆನ್ನುಹುರಿಯ ಗಾಯಗಳ ಮೇಲಿನ ಅವರ ಬೃಹತ್ ಗ್ರಂಥ ಬಂದದ್ದು 1973ರಲ್ಲಿ, ಎಪ್ಪತ್ತು ದಾಟಿದ ಮೇಲೆ. 1980ರ ಮಾರ್ಚ್ 18ರಂದು, ಎಂಬತ್ತರ ವಯಸ್ಸಿನಲ್ಲಿ, ಗುಟ್‌ಮನ್ ನಿಧನರಾದರು. ಆ ವರ್ಷದ ಒಲಿಂಪಿಕ್ಸ್ ಮಾಸ್ಕೋದಲ್ಲಿ ನಡೆಯಿತಾದರೂ ಗಾಲಿಕುರ್ಚಿಯ ಕೂಟಕ್ಕೆ ಸೋವಿಯತ್ ಸರ್ಕಾರ ಜಾಗ ಕೊಡಲಿಲ್ಲ. ಮೂರು ತಿಂಗಳ ನಂತರ ಸ್ಪರ್ಧಿಗಳು ಸೇರಿದ್ದು ನೆದರ್ಲೆಂಡ್ಸ್‌ನ ಆರ್ನೆಮ್ ನಗರದಲ್ಲಿ.